ಚಾವಡಿಗೆ 15 ವರ್ಷದ ಸಾಲ

ಮನೆ ರಿಪೇರಿಗೆ ಮನೆಯನ್ನೇ ಅಡವಿಡುವ ಯೋಚನೆ ನಮ್ಮ ಉಡುಪಿ ಕಡೆ ಹೊಸದಲ್ಲ. ಮಳೆ ಜೋರಾದ ಹಾಗೆ ಈ ವಿಷಯ ಹಿಡಿದು ನನ್ನ ಹತ್ತಿರ ಸಲಹೆಗೆ ಬರುವವರೂ ಜಾಸ್ತಿ. ಮಾಡು (ಛಾವಣಿ) ಸೋರುತ್ತದೆ, ಗೋಡೆಗೆ ಪಾಚಿ ಹಿಡಿದಿದೆ, ಡಿಸೆಂಬರಿನಲ್ಲಿ ಮದುವೆ ಇದೆ, ಬ್ಯಾಂಕಿನವರು ಕೊಡುತ್ತೇವೆ ಅಂತಿದ್ದಾರೆ. ಮಾತು ಹೆಚ್ಚು ಕಡಿಮೆ ಇಷ್ಟೇ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಇಷ್ಟು ಬ್ಯಾಂಕ್ ಹುಟ್ಟಿದ್ದು ಉಡುಪಿ, ಮಂಗಳೂರಿನಲ್ಲಿ. ಪಿಗ್ಮಿ ಕಟ್ಟಿ ಬೆಳೆದವರು ನಾವು. ಬ್ಯಾಂಕಿನ ಮೆಟ್ಟಿಲು ಹತ್ತಲು ಇಲ್ಲಿ ಯಾರಿಗೂ ಹೆದರಿಕೆ ಇಲ್ಲ. ಅದು ಒಳ್ಳೆಯದೇ. ಆದರೆ ಎಸ್ಟಿಮೇಟ್ ಓದದೆ ಸಹಿ ಹಾಕುವವರೂ ಇಲ್ಲಿ ಕಡಿಮೆ ಇಲ್ಲ.

ಅಂಥ ಒಂದು ಮನೆಯ ಪ್ರಕರಣ ಇದು. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಮಗನನ್ನು ರಮೇಶ ಅನ್ನೋಣ. ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ಬರುವುದು ತಿಂಗಳಿಗೆ 52 ಸಾವಿರ. ಅದರಲ್ಲಿ ಕಾರಿನ ಕಂತು 8,400. ತಂದೆ ಕಟ್ಟಿಸಿದ ಹಂಚಿನ ಮನೆ, ಕೆಂಪುಕಲ್ಲಿನ ಗೋಡೆ. ತಂದೆ ತೀರಿಹೋದ ಮೇಲೆ ಮನೆಯ ಖಾತೆ ಅಮ್ಮನ ಹೆಸರಿಗೆ ಆಗಿದೆ. ತಂಗಿಗೆ ಮದುವೆ ನಿಶ್ಚಯವಾಗಿದೆ. ರಮೇಶನಿಗೆ ಬೇಕಾಗಿದ್ದುದು ಮನೆಯ ಮೇಲೆ 18 ಲಕ್ಷದ ಸಾಲ, ಶೇಕಡಾ 9.5 ಬಡ್ಡಿ, 15 ವರ್ಷ. ಅಮ್ಮ ಸಹಿ ಹಾಕಲು ಒಪ್ಪುತ್ತಿಲ್ಲ, ಸ್ವಲ್ಪ ಬುದ್ಧಿ ಹೇಳಿ ಅಂತ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದ.

ಬುದ್ಧಿ ಹೇಳುವುದು ನನ್ನ ಕೆಲಸ ಅಲ್ಲ. ಮೊದಲ ದಿನವೇ ಅದನ್ನು ಹೇಳಿ, ಮುಂದಿನ ಸಲ ತಂಗಿಯೂ ಬರಲಿ ಅಂದೆ. ರಮೇಶನಿಗೆ ಅದು ಹಿಡಿಸಲಿಲ್ಲ. "ಅವಳಿಗೆ ಎಂತಕೆ ಮೇಡಂ ಇದೆಲ್ಲ? ಅವಳು ಮದುವೆಯಾಗಿ ಹೋಗುವವಳು."

ಮುಂದಿನ ಸಲ ಮೂವರೂ ಬಂದರು. ಎಸ್ಟಿಮೇಟ್ ಮೇಜಿನ ಮೇಲೆ ಇಡಿ ಅಂದೆ. ಮೂರು ಹಾಳೆ. ಕಾರ್ ಪೋರ್ಚ್, ಅಂಗಳಕ್ಕೆ ಇಂಟರ್‌ಲಾಕ್, ಸ್ಟೀಲಿನ ಗೇಟು, ಸಿಟೌಟಿಗೆ ಗ್ರಾನೈಟ್, ಚಾವಡಿಗೆ (ಮನೆಯ ಹಾಲಿಗೆ) ಫಾಲ್ಸ್ ಸೀಲಿಂಗ್ ಮತ್ತು ಲೈಟು, ಟಿವಿ ಗೋಡೆಗೆ ಪ್ಯಾನೆಲ್, ಒಳಗೆ ಹೊರಗೆ ಪೇಂಟ್. ಮೂರನೇ ಹಾಳೆಯ ಕೊನೆಗೆ ಒಂದೇ ಸಾಲು: ಮಾಡಿನ ರಿಪೇರಿ, 2,40,000.

ಅಮ್ಮ ಕನ್ನಡಕ ಹಾಕಿಕೊಂಡು ಮೂರೂ ಹಾಳೆ ಓದಿದರು. ನಿಧಾನವಾಗಿ, ಬೆರಳು ಇಟ್ಟುಕೊಂಡು. ಆಮೇಲೆ ಮಗನ ಕಡೆ ನೋಡದೆ ನನಗೆ ಹೇಳಿದರು: "ಸೋರುವುದು ಅಡಿಗೆಕೋಣೆ ಮೇಡಂ. ಇದ್ರಲ್ಲಿ ಬರೆದದ್ದು ಪೂರಾ ಚಾವಡಿದು."

ರಮೇಶ ಏನೋ ಹೇಳಲು ಹೋದ. ಅವರು ಬಿಡಲಿಲ್ಲ. ಕಡೆಯುವ ಕಲ್ಲಿನ ಪಕ್ಕ ಒಂದು ಬಕೆಟ್, ಗ್ಯಾಸಿನ ಹಿಂದೆ ಒಂದು ಪಾತ್ರೆ ಇಡುತ್ತೇನೆ ಅಂದರು. ಪಡುವಣ ಗಾಳಿ ಹೊಡೆದರೆ ಸ್ವಿಚ್‌ಬೋರ್ಡಿನ ಮೇಲೂ ನೀರು ಇಳಿಯುತ್ತದಂತೆ. ಹಾಗಾಗಿ ಮಳೆ ಬರುವಾಗ ಮಿಕ್ಸಿ ಹಾಕುವುದಿಲ್ಲವಂತೆ. ಮಾಡಿನ ಮರದ ತೊಲೆ, ಪಕ್ಕಾಸು, ಎರಡು ಕಡೆ ಗೆದ್ದಲು ತಿಂದಿದೆ, ಹಂಚು ಕೂರುವ ಪಟ್ಟಿ, ರೀಪು, ಕೈಯಲ್ಲಿ ಮುಟ್ಟಿದರೆ ಪುಡಿ ಉದುರುತ್ತದೆ. ಬಚ್ಚಲಿನ ನೆಲ ಜಾರುತ್ತದೆ. "ಇದು ನಿನಗೆ ಗೊತ್ತುಂಟಾ?" ಅಂತ ಮಗನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಬರುವವನು ಊಟಕ್ಕೆ ಕೂರುವುದು ಚಾವಡಿಯಲ್ಲಿ, ಟಿವಿಯ ಎದುರು.

ಅಮ್ಮ ಸಾಲಕ್ಕೆ ವಿರೋಧ ಅಂತ ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಿದ್ದರು. ಅವರ ವಿರೋಧ ಇದ್ದದ್ದು ಆ ಮೂರು ಹಾಳೆಗೆ. ಕೇಳುವವರು ಇರಲಿಲ್ಲ, ಅಷ್ಟೇ.

ಆಮೇಲೆ ಪೆನ್ಸಿಲ್ ಹಿಡಿದು ಕೂತೆವು. ಒಂದೊಂದು ಸಾಲಿನ ಪಕ್ಕ, ಈ ಕೆಲಸ ಎಷ್ಟು ವರ್ಷ ಬಾಳುತ್ತದೆ ಅಂತ ಬರೆಯಿರಿ ಅಂದೆ. ಮಾಡಿಗೆ ಕಬ್ಬಿಣದ ಪೈಪ್ ಹಾಕಿ, ಒಳ್ಳೆಯ ಹಂಚನ್ನು ಉಳಿಸಿಕೊಂಡು ಹೊದಿಸಿದರೆ 20 ವರ್ಷಕ್ಕೆ ಚಿಂತೆ ಇಲ್ಲ. ವೈರಿಂಗ್ ಸರಿ ಮಾಡಿದರೆ ಅದೂ ಹಾಗೆಯೇ. ಹೊರಗಿನ ಪೇಂಟ್? ನಮ್ಮ ಮಳೆಗೆ ನಾಲ್ಕೈದು ವರ್ಷ, ಆಮೇಲೆ ಪುನಃ ಪಾಚಿ. 15 ವರ್ಷದ ಸಾಲದಲ್ಲಿ ಪೇಂಟ್ ಹೊಡೆಸಿದರೆ, ಈ ಪೇಂಟಿನ ಕಂತು ಮುಗಿಯುವ ಮೊದಲೇ ಇನ್ನೂ ಎರಡು ಮೂರು ಸಲ ಹೊಡೆಸಬೇಕಾಗುತ್ತದೆ. ಇದನ್ನು ರಮೇಶನೇ ಲೆಕ್ಕ ಹಾಕಿ ಹೇಳಿದ.

ನಾನು ಕೊಟ್ಟ ಸಲಹೆ ಹೀಗಿತ್ತು. ಮಾಡು, ಅಡುಗೆಕೋಣೆಯ ವೈರಿಂಗ್, ಅಮ್ಮನ ಬಚ್ಚಲು, ಇಷ್ಟು ಈಗ ಮಾಡಿ. ಅಂದಾಜು ಆರೂವರೆ ಲಕ್ಷ. ಒಂದೂವರೆ ಲಕ್ಷ ರಮೇಶನ ಎಫ್‌ಡಿಯಿಂದ, ಉಳಿದ ಐದು ಲಕ್ಷ ಸಾಲ, ಅವಧಿ ಐದೇ ವರ್ಷ. ಅದೇ 9.5ರ ಬಡ್ಡಿಗೆ ಕಂತು ಸುಮಾರು 10,500 ಬರುತ್ತದೆ, ಒಟ್ಟು ಬಡ್ಡಿ 1.30 ಲಕ್ಷ. "15 ವರ್ಷ ಮಾಡಿದ್ರೆ ಕಂತು ಅರ್ಧ ಆಗ್ತದಲ್ವಾ?" ಅಂತ ರಮೇಶ ಕೇಳಿದ. ಆಗುತ್ತದೆ, 5,200ರ ಹತ್ತಿರ. ಬಡ್ಡಿ ಮಾತ್ರ 4.40 ಲಕ್ಷ. ಅವನ ಮೊದಲಿನ 18 ಲಕ್ಷಕ್ಕೆ ಕಂತು 18,800, ಕಟ್ಟುವ ಒಟ್ಟು ಹಣ ಸುಮಾರು 33.8 ಲಕ್ಷ. ಕಾರಿನ ಕಂತು ಸೇರಿಸಿದರೆ ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಹೋಗುತ್ತಿತ್ತು.

ಬಡ್ಡಿ ಇದ್ದಲ್ಲಿಯೇ ಇರುತ್ತದೆ ಅನ್ನುವ ಧೈರ್ಯವೂ ಬೇಡ. 2022ರ ಮೇಯಿಂದ 2023ರ ಫೆಬ್ರವರಿ ಒಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇಕಡಾ 4ರಿಂದ 6.5ಕ್ಕೆ ಏರಿತು. ಆಗ ಎಷ್ಟೋ ಜನರ ಕಂತು ಹಾಗೇ ಇತ್ತು, ಅವಧಿ ಮಾತ್ರ ಗೊತ್ತಿಲ್ಲದೆ ಉದ್ದವಾಯಿತು. ಅದಾದ ಮೇಲೆ ರಿಸರ್ವ್ ಬ್ಯಾಂಕ್, ಕಂತು ಹೆಚ್ಚಿಸಬೇಕಾ ಅವಧಿ ಹೆಚ್ಚಿಸಬೇಕಾ ಅಂತ ಸಾಲಗಾರರನ್ನೇ ಕೇಳಬೇಕು ಅಂತ ಬ್ಯಾಂಕುಗಳಿಗೆ ಹೇಳಿದೆ. ಕೇಳಿದಾಗ ಸುಮ್ನೆ ಓಕೆ ಒತ್ತಬೇಡಿ.

ತೆರಿಗೆ ಉಳಿಯುತ್ತದೆ ಅಂತಲೂ ಸಾಲದ ಏಜೆಂಟ್ ಹೇಳಿದ್ದನಂತೆ, ವರ್ಷಕ್ಕೆ ಎರಡು ಲಕ್ಷ ಬಡ್ಡಿಗೆ ವಿನಾಯಿತಿ ಅಂತ. ಅದು ಮನೆ ಕೊಳ್ಳುವ, ಕಟ್ಟುವ ಸಾಲಕ್ಕೆ. ನಾವೇ ವಾಸ ಇರುವ ಮನೆಯ ರಿಪೇರಿ ಸಾಲವಾದರೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಬಡ್ಡಿಗೆ ಸಿಗುವುದು ವರ್ಷಕ್ಕೆ 30,000ದವರೆಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ರಮೇಶ ಹೊಸ ಪದ್ಧತಿಯಲ್ಲಿದ್ದ.

ಇನ್ನು ತಂಗಿಯ ವಿಷಯ. ಅವಳನ್ನು ಯಾಕೆ ಕರೆಸಿದಿರಿ, ಅಣ್ಣ ತಂಗಿ ನಡುವೆ ಸುಮ್ನೆ ಯಾಕೆ ಮಾತು ಎಬ್ಬಿಸಿದಿರಿ ಅಂತ ಈ ಕುಟುಂಬದ ಹಿರಿಯರೊಬ್ಬರು ಆಮೇಲೆ ನನ್ನನ್ನು ಕೇಳಿದರು. ತಂದೆ ವಿಲ್ ಬರೆದಿರಲಿಲ್ಲ, ಮನೆ ಅವರ ಸ್ವಂತ ದುಡಿಮೆಯದ್ದು. ಖಾತೆ ಅಮ್ಮನ ಹೆಸರಿಗೆ ಆದ ಮಾತ್ರಕ್ಕೆ ಅಮ್ಮ ಒಬ್ಬರೇ ಮಾಲಕಿ ಆಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಮಗ, ಮಗಳು ಮೂವರಿಗೂ ಸಮಪಾಲು. ಬ್ಯಾಂಕ್ ಹೇಗೂ ಅವಳ ಸಹಿ ಕೇಳುತ್ತದೆ. ಕೊನೆಯ ಗಳಿಗೆಯಲ್ಲಿ "ಇಲ್ಲಿ ಒಂದು ಸಹಿ ಹಾಕು" ಅಂತ ಕಾಗದ ಚಾಚುತ್ತಾರೆ. 90 ದಿನ ಕಂತು ನಿಂತರೆ ಸಾಲ ಎನ್‌ಪಿಎ (ಕಂತು ಬಾರದ ಕೆಟ್ಟ ಸಾಲ) ಆಗುತ್ತದೆ, 60 ದಿನದ ನೋಟಿಸು ಬರುತ್ತದೆ, ಆಮೇಲೆ ಬ್ಯಾಂಕ್ ಮನೆಗೆ ಕೈ ಹಾಕಬಹುದು. ಅವಳ ಪಾಲೂ ಅದರಲ್ಲಿಯೇ ಇದೆ. ತನ್ನ ಪಾಲನ್ನು ಅಡವಿಡುವವಳಿಗೆ ಅದು ಯಾತಕ್ಕೆ ಅಂತ ಗೊತ್ತಿರಬಾರದಾ? ನಾನು ಇನ್ನೂ ಹತ್ತು ಮನೆಯವರಿಗೆ ಇದನ್ನೇ ಹೇಳುತ್ತೇನೆ.

ಆ ದಿನ ತಂಗಿ ಮಾತಾಡಿದ್ದು ಕಡಿಮೆ. "ನನ್ನ ಮದುವೆಗೆ ಗೇಟು ಬೇಡ ಅಣ್ಣ, ಮದುವೆ ಹಾಲ್‌ನಲ್ಲಿ ಅಲ್ವಾ?" ಅಂದಳು. ಗಂಡಿನ ಕಡೆಯವರು ಮನೆ ನೋಡುವುದಿಲ್ಲವಾ ಅಂತ ರಮೇಶ ಕೇಳಿದ. ನೋಡಿ ಆಗಿದೆ, ನೋಡಿಯೇ ಒಪ್ಪಿದ್ದು ಅಂದಳು.

ಸಾಲ ಬೇಡ ಅನ್ನುವವಳು ಅಂತ ನನಗೆ ಹೆಸರು ಬಂದಿದೆ. ಈ ಪ್ರಕರಣದ ಗುತ್ತಿಗೆದಾರರಂತೂ ನಮ್ಮ ಹೊಟ್ಟೆಗೆ ಕಲ್ಲು ಹಾಕಿದಿರಿ ಅಂದರು. ಸಾಲ ಮಾಡಿ ಅಂತಲೇ ನಾನು ಹೇಳಿದ್ದು. ಸೋರುವ ಮಾಡನ್ನು ದುಡ್ಡು ಕೂಡಿಟ್ಟು ಮಾಡಿಸುತ್ತೇನೆ ಅಂತ ಕೂತರೆ ಎರಡು ಮಳೆಗಾಲದಲ್ಲಿ ಗೋಡೆಯೂ ಹೋಗುತ್ತದೆ. ಪೋರ್ಚ್, ಗ್ರಾನೈಟ್ ಹಾಕಿದರೆ ಮನೆಯ ಬೆಲೆ ಏರುತ್ತದೆ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಾರುವ ಯೋಚನೆ ಇಲ್ಲದವರಿಗೆ ಏರಿದ ಬೆಲೆಯಿಂದ ಎಂತ ಲಾಭ? ಇಲ್ಲಿ ಹಳೆಯ ಹಂಚಿನ ಮನೆ ಕೇಳಿಕೊಂಡು ಬರುವವರು ಎಷ್ಟು ಸೆಂಟ್ಸ್ ಜಾಗ, ರಸ್ತೆ ಎಷ್ಟು ಅಗಲ, ಬಾವಿಯಲ್ಲಿ ಬೇಸಿಗೆಗೂ ನೀರು ಉಂಟಾ ಅಂತ ಕೇಳುತ್ತಾರೆ. ಫಾಲ್ಸ್ ಸೀಲಿಂಗ್ ಕೇಳಿದವರನ್ನು ನಾನು ಕಂಡಿಲ್ಲ.

ಮಳೆ ಬಿಟ್ಟ ಮೇಲೆ ಮಾಡಿನ ಕೆಲಸ ಶುರುವಾಯಿತು. ದುಡ್ಡನ್ನು ಒಟ್ಟಿಗೆ ಕೊಡಬೇಡಿ, ಹಂಚು ಇಳಿಸಿದಾಗ ಇಷ್ಟು, ಪೈಪ್ ಕೂತ ಮೇಲೆ ಇಷ್ಟು ಅಂತ ಕೊಡಿ ಅಂದಿದ್ದೆ. ಹಾಗೇ ಮಾಡಿದರು. ಇನ್ನೊಂದು ಮಾತನ್ನೂ ಅಮ್ಮನಿಗೆ ಬರೆದುಕೊಟ್ಟಿದ್ದೇನೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಬ್ಯಾಂಕ್ ವಾಪಸ್ ಕೊಡಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರಿನಿಂದ ಈ ನಿಯಮ ಇದೆ. ಪತ್ರ ಕೈಗೆ ಬಂದ ಮೇಲೆ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ, ಅಡಮಾನ ತೀರಿದ್ದು ನಮೂದಾಗಿದೆಯಾ ಅಂತಲೂ ನೋಡಬೇಕು.

ರಮೇಶನಿಗೆ ನನ್ನ ಮೇಲೆ ಈಗಲೂ ಸ್ವಲ್ಪ ಮುನಿಸು ಇದೆ. ಮೊನ್ನೆ ಫೋನ್ ಮಾಡಿ, ಗೇಟಿಗೆ ಇದೇ ಸಾಲದ ಮೇಲೆ ಇನ್ನಷ್ಟು, ಟಾಪ್‌ಅಪ್, ಸಿಗ್ತದಾ ಅಂತ ಕೇಳಿದ. ಸಿಗ್ತದೆ ಅಂದೆ. ಕಾರಿನ ಸಾಲ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ, ಇನ್ನು ಏಳು ತಿಂಗಳು ಅಂದ. ಹಾಗಾದರೆ ಎಂಟನೇ ತಿಂಗಳಿನಿಂದ ಆ 8,400ನ್ನು ಆರ್‌ಡಿಗೆ ಹಾಕಿ, ವರ್ಷಕ್ಕೆ ಒಂದು ಲಕ್ಷ ಆಗ್ತದೆ, ಅಷ್ಟರಲ್ಲಿ ಗೇಟಿಗೆ ಇನ್ನೊಬ್ಬರ ಹತ್ತಿರವೂ ರೇಟು ಕೇಳಿ ಇಡಿ ಅಂದೆ.