ಹರಿಯುವ ರಕ್ತ ಹೇಗೆ ಸಂಯೋಜಕ ಅಂಗಾಂಶ?

“ಮೂಳೆ, ಕೊಬ್ಬು, ರಕ್ತ ಮೂರೂ ಸಂಯೋಜಕ ಅಂಗಾಂಶ ಎಂದು ಓದಿದೆ. ಮೂಳೆ ಸರಿ, ಆದರೆ ರಕ್ತ ಯಾವುದನ್ನು ಯಾವುದಕ್ಕೆ ಜೋಡಿಸುತ್ತದೆ?” ಎಂದು ಕೇಳಿದ್ದೀರಿ. ಶಾಲೆಯಲ್ಲಿ ನಾನೂ ಇದನ್ನೇ ಕೇಳಿ, “ಪರೀಕ್ಷೆಗೆ ಅಷ್ಟು ಸಾಕು, ಬರೆದುಕೋ” ಅನ್ನಿಸಿಕೊಂಡು ಕೂತವನು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ದಾರಿ ತಪ್ಪಿಸುವುದು ಆ ಹೆಸರೇ. ಸಂಯೋಜಕ ಅಂದ ಕೂಡಲೇ ಹಗ್ಗ, ಅಂಟು ಹುಡುಕಲು ಹೊರಡುತ್ತೇವೆ. ವರ್ಗೀಕರಣ ನಿಂತಿರುವುದು ಬೇರೆ ಗುಣದ ಮೇಲೆ. ಚರ್ಮದ ಹೊರಪದರದಂಥ ಅನುಲೇಪಕ ಅಂಗಾಂಶದಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ನಡುವೆ ಜಾಗವೇ ಇಲ್ಲ. ಸಂಯೋಜಕ ಅಂಗಾಂಶದಲ್ಲಿ ಜೀವಕೋಶಗಳು ದೂರ ದೂರ ಚದುರಿರುತ್ತವೆ. ಅಂಗಾಂಶದ ಗುಣವನ್ನು ನಿರ್ಧರಿಸುವುದು ಅವುಗಳ ನಡುವೆ ತುಂಬಿರುವ ವಸ್ತು, ಅಂದರೆ ಮಾತೃಕೆ. ಅದು ಗಟ್ಟಿಯಾಗಿದ್ದರೆ ಮೂಳೆ, ರಬ್ಬರಿನಂತಿದ್ದರೆ ಮೃದ್ವಸ್ಥಿ (ಕಿವಿಯ ಹಾಲೆಯೊಳಗೆ ಇರುವಂಥದ್ದು), ದ್ರವವಾಗಿದ್ದರೆ ರಕ್ತ. ರಕ್ತದ ಸುಮಾರು 55% ಭಾಗ ಪ್ಲಾಸ್ಮಾ, ಅಂದರೆ ರಕ್ತಕಣಗಳು ತೇಲುವ ದ್ರವ. ಇಲ್ಲಿ ಅದೇ ಮಾತೃಕೆ. ಇದರ ಜೊತೆಗೆ, ಈ ಅಂಗಾಂಶಗಳಲ್ಲಿ ಬಹುಪಾಲು ಭ್ರೂಣದ ಮಧ್ಯಪದರದಿಂದಲೇ ಹುಟ್ಟುತ್ತವೆ. ಅಂದರೆ ರಕ್ತ ಈ ಮನೆಗೆ ಹೊರಗಿನಿಂದ ಬಂದು ಸೇರಿದ್ದಲ್ಲ, ಒಂದೇ ಬಳಗದ್ದು.

“ಉಳಿದ ಸಂಯೋಜಕ ಅಂಗಾಂಶಗಳ ಮಾತೃಕೆಯಲ್ಲಿ ನಾರುಗಳಿವೆ, ರಕ್ತದಲ್ಲಿ ಎಲ್ಲಿ?” ಎಂದು ಮುಂದಿನ ಪ್ರಶ್ನೆ ಬರಬಹುದು. ಅದು ಪ್ಲಾಸ್ಮಾದಲ್ಲಿ ಕರಗಿದೆ, ಫೈಬ್ರಿನೋಜನ್ ಎಂಬ ಪ್ರೋಟೀನಿನ ರೂಪದಲ್ಲಿ. ಗಾಯವಾದಾಗ ಅದೇ ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ.

ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಆ ಉಳಿದ ಅಂಗಾಂಶಗಳ ಮುಖ್ಯ ನಾರು, ಕೊಲಾಜನ್ ಎಂಬ ಪ್ರೋಟೀನ್. ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇದೇ. ಮೂರು ಸರಪಣಿಗಳನ್ನು ಹುರಿ ಹೊಸೆದಂಥ ರಚನೆ. ಎಳೆದರೆ ಸುಲಭಕ್ಕೆ ಜಗ್ಗುವುದಿಲ್ಲ. ಜಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವ ಕೆಲಸ ಇಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನಿನದು, ಅದು ಮಹಾಪಧಮನಿಯಲ್ಲೂ ಶ್ವಾಸಕೋಶದಲ್ಲೂ ಹೇರಳ. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುವಿನಲ್ಲಿರುವುದೂ, ಕಣ್ಣಿನ ಪಾರದರ್ಶಕ ಕಾರ್ನಿಯಾದಲ್ಲಿರುವುದೂ ಮುಖ್ಯವಾಗಿ ಒಂದೇ ಬಗೆಯ ಕೊಲಾಜನ್ ಅಂದರೆ ನಂಬುತ್ತೀರಾ? ಕಾರ್ನಿಯಾದಲ್ಲಿ ಎಳೆಗಳು ತೀರಾ ಸಪೂರ, ಸಮಾನ ಅಂತರದಲ್ಲಿ ಜೋಡಣೆಯಾಗಿವೆ, ಅದಕ್ಕೇ ಬೆಳಕು ಹಾದುಹೋಗುತ್ತದೆ. ನೂಲು ಅದೇ, ನೇಯ್ಗೆ ಬೇರೆ.

ಮೂಳೆಯಲ್ಲಿ ಈ ಕೊಲಾಜನ್ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಕೂರುತ್ತವೆ. ಕೋಳಿಯ ತೆಳು ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ: ಲವಣ ಕರಗಿ ಹೋಗಿ, ಬಾಗಿಸಬಹುದಾದ ಕೊಲಾಜನ್ ಚೌಕಟ್ಟು ಉಳಿಯುತ್ತದೆ. ಅದೇ ಮೂಳೆಯನ್ನು ಸುಟ್ಟರೆ ಕೊಲಾಜನ್ ಹೋಗಿ ಲವಣ ಉಳಿಯುತ್ತದೆ, ಮುಟ್ಟಿದರೆ ಪುಡಿ.

ಜೀವಕೋಶಗಳು ಕೊಲಾಜನ್ ಅನ್ನು ಸರಿಯಾಗಿ ಹೊಸೆಯಬೇಕಾದರೆ ವಿಟಮಿನ್ ಸಿ ಬೇಕು. ಹಿಂದೆ ದೂರ ಸಮುದ್ರಯಾನದ ನಾವಿಕರಿಗೆ ಸ್ಕರ್ವಿ ಬಂದು ವಸಡು ಊದಿ ರಕ್ತ ಸುರಿಯುತ್ತಿದ್ದದ್ದು ಇದರ ಕೊರತೆಯಿಂದ. ಎಂದೋ ಮಾಯ್ದಿದ್ದ ಗಾಯಗಳೂ ಮತ್ತೆ ಬಾಯಿಬಿಡುತ್ತಿದ್ದವು, ಏಕೆಂದರೆ ಗಾಯದ ಕಲೆಯಲ್ಲಿರುವ ಕೊಲಾಜನ್ ಸದಾ ಸವೆದು ಹೊಸದಾಗುತ್ತಲೇ ಇರಬೇಕು. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ ರೋಗಿಗಳಿಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟು ನೋಡಿದಾಗ, ಕಿತ್ತಳೆ, ನಿಂಬೆ ತಿಂದವರೇ ಬೇಗ ಚೇತರಿಸಿಕೊಂಡರು. ವಿಟಮಿನ್ ಎಂಬ ಪದ ಆಗ ಹುಟ್ಟೇ ಇರಲಿಲ್ಲ.

ನನ್ನ ಕಾಲು ಉಳುಕಿ ಲಿಗಮೆಂಟ್ (ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ) ಹರಿದಾಗ ನಾನು ಗೊಣಗಿದ್ದುಂಟು: ಇದಕ್ಕಿಂತ ಮೂಳೆ ಮುರಿದಿದ್ದರೇ ಬೇಗ ಕೂಡುತ್ತಿತ್ತೇನೋ ಎಂದು. ಅದರಲ್ಲಿ ಸ್ವಲ್ಪ ಹುರುಳಿದೆ. ಮೂಳೆಯೊಳಗೆ ರಕ್ತನಾಳಗಳು ಧಾರಾಳ, ಲಿಗಮೆಂಟಿನಲ್ಲಿ ಕಡಿಮೆ. ಕೀಲಿನ ಮೃದ್ವಸ್ಥಿಯಲ್ಲಿ ಒಂದೂ ಇಲ್ಲ. ಸುತ್ತಲ ಕೀಲುದ್ರವದಿಂದ ಒಸರಿ ಬಂದ ಪೋಷಣೆಯಲ್ಲೇ ಅದರ ಬದುಕು. ಹಾಗಾಗಿಯೇ ಒಮ್ಮೆ ಸವೆದರೆ ಅದು ರಿಪೇರಿಯಾಗುವುದು ಕಷ್ಟ.

ನೀವು ಹೇಳಿದ ಮೂರರಲ್ಲಿ ನನ್ನ ವಿವರಣೆಗೆ ಸರಿಯಾಗಿ ಒಗ್ಗದಿರುವುದು ರಕ್ತವಲ್ಲ, ಕೊಬ್ಬು. ಅಲ್ಲಿ ಜೀವಕೋಶಗಳು ಎಣ್ಣೆ ತುಂಬಿಕೊಂಡು ಉಬ್ಬಿ ಒತ್ತೊತ್ತಾಗಿರುತ್ತವೆ, ಮಾತೃಕೆ ತೀರಾ ಕಡಿಮೆ. ಆದರೂ ಹುಟ್ಟಿನ ಮೂಲ ಒಂದೇ ಆದ್ದರಿಂದ ಅದನ್ನೂ ಇದೇ ಗುಂಪಿನಲ್ಲಿ ಇಟ್ಟಿದ್ದಾರೆ.