ಒಬಾಮಾ ಅವರ ‘ಹೋಪ್’ ಭಿತ್ತಿಪತ್ರವನ್ನು ಅವರ ಅಧ್ಯಕ್ಷೀಯ ಚುನಾವಣೆಯ ಪ್ರಚಾರ ತಂಡವೇ ಮಾಡಿಸಿತ್ತೇ?

ಇಲ್ಲ. 2008ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಬೀದಿ ಕಲಾವಿದ ಶೆಪರ್ಡ್ ಫೇರಿ ಅದನ್ನು ಸ್ವಂತ ಆಸಕ್ತಿಯಿಂದ ರಚಿಸಿದರು. ಮೊದಲ ಪ್ರತಿಗಳಲ್ಲಿ ಪ್ರಗತಿ ಎಂಬರ್ಥದ ‘ಪ್ರೋಗ್ರೆಸ್’ ಪದವಿತ್ತು, ಪ್ರಚಾರ ತಂಡದ ಒಲವನ್ನು ಗಮನಿಸಿ ಅದನ್ನು ‘ಹೋಪ್’, ಅಂದರೆ ಭರವಸೆ, ಎಂದು ಬದಲಿಸಿದರು. ಕೆಂಪು, ನಸುಹಳದಿ ಮತ್ತು ನೀಲಿಯ ಕೆಲವೇ ಛಾಯೆಗಳಲ್ಲಿ ಮುಖವನ್ನು ಸರಳಗೊಳಿಸಿದ್ದರಿಂದ ಅದು ಗೋಡೆಯ ಮೇಲೆ ದೂರದಿಂದಲೇ ಗುರುತು ಸಿಗುತ್ತಿತ್ತು, ಅನುಕರಣೆಗೂ ಸುಲಭವಾಗಿತ್ತು. ಅದರ ಯಶಸ್ಸಿಗೆ ಘೋಷಣೆಗಿಂತ ಈ ಸರಳತೆಯೇ ಹೆಚ್ಚು ಕಾರಣವೆಂದು ನನಗನಿಸುತ್ತದೆ. ಈ ಚಿತ್ರದ ಒಂದು ಕೊಲಾಜ್ (ತುಣುಕುಗಳನ್ನು ಅಂಟಿಸಿ ಮಾಡಿದ ಕಲಾಕೃತಿ) 2009ರಲ್ಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯನ್ನು ಸೇರಿತು. ಭಿತ್ತಿಪತ್ರಕ್ಕೆ ಆಧಾರವಾಗಿದ್ದ ಛಾಯಾಚಿತ್ರ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯದಾಗಿದ್ದರಿಂದ ಹುಟ್ಟಿದ ಹಕ್ಕುಸ್ವಾಮ್ಯದ ಮೊಕದ್ದಮೆ 2011ರಲ್ಲಿ ರಾಜಿಯಾಯಿತಾದರೂ, ಅದರಲ್ಲಿ ಸುಳ್ಳು ದಾಖಲೆ ಸೃಷ್ಟಿಸಿದ್ದನ್ನು ಒಪ್ಪಿಕೊಂಡ ಫೇರಿಯವರಿಗೆ ಮರುವರ್ಷ ನ್ಯಾಯಾಲಯ 25,000 ಡಾಲರ್ ದಂಡ ವಿಧಿಸಿತು.