ಅಡಿಕೆ ದುಡ್ಡಿನ ಸ್ಪೋರ್ಟ್ಸ್ ಸೆಡಾನ್: ಲೀಸಿಗೆ ತಗೊಳ್ಳೋದೋ, ಕೊಂಡುಬಿಡೋದೋ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ, ಬೇರೆ ವ್ಯವಹಾರ ಇಲ್ಲ. ಒಂದು ಒಳ್ಳೆಯ ಸ್ಪೋರ್ಟ್ಸ್ ಸೆಡಾನ್ ಇಟ್ಟುಕೊಳ್ಳಬೇಕು ಅನ್ನೋದು ಬಹಳ ವರ್ಷದ ಆಸೆ. ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ ಕ್ಲಾಸ್, ಆಡಿ ಎ4 ಮೂರನ್ನೂ ನೋಡಿದ್ದೇನೆ. ಎಕ್ಸ್ ಶೋರೂಂ 60 ಲಕ್ಷದ ಕಾರಿಗೆ ಲೀಸ್ ಕಂಪನಿಯವರು ನಾಲ್ಕು ವರ್ಷ ತಿಂಗಳಿಗೆ 1.70 ಲಕ್ಷ ಹೇಳಿದ್ದಾರೆ. ಜಿಎಸ್‌ಟಿ, ಇನ್ಶೂರೆನ್ಸ್, ಸರ್ವೀಸ್ ಎಲ್ಲ ಅದರಲ್ಲೇ. ವರ್ಷಕ್ಕೆ 15,000 ಕಿ.ಮೀ. ಮಿತಿ. ಟ್ಯಾಕ್ಸ್ ಬೇರೆ ಉಳಿಯುತ್ತದಂತೆ. ಲೀಸ್ ಒಳ್ಳೆಯದೋ, 50 ಲಕ್ಷ ಸಾಲ ಮಾಡಿ ಕೊಳ್ಳುವುದೋ? ಯಾವ ಕಾರು?

ಉತ್ತರ: ಟ್ಯಾಕ್ಸ್ ಉಳಿಯುತ್ತದೆ ಅಂದರಲ್ಲ, ಯಾರ ಟ್ಯಾಕ್ಸು ಅಂತ ನೀವು ಅಲ್ಲೇ ಕೇಳಬೇಕಿತ್ತು. ಲೀಸ್ ಬಾಡಿಗೆಯನ್ನು ಖರ್ಚು ಅಂತ ತೋರಿಸಬೇಕಾದರೆ ಮೊದಲು ತೆರಿಗೆ ಬೀಳುವ ಆದಾಯ ಇರಬೇಕು ಅಲ್ವಾ? ತೋಟದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಉಳಿಸೋದು ಏನನ್ನ? ಈ ಲೀಸ್ ಮಾತೆಲ್ಲ ಬೆಂಗಳೂರಿನ ಕಂಪನಿ ಡೈರೆಕ್ಟರುಗಳಿಗೆ, ದೊಡ್ಡ ಸಂಬಳದವರಿಗೆ ಅಂತ ಹೊಲಿದ ಅಂಗಿ, ಅದನ್ನೇ ತಂದು ನಿಮಗೂ ತೊಡಿಸುತ್ತಿದ್ದಾರೆ.

ಹಾಗಾಗಿ ಟ್ಯಾಕ್ಸ್ ಬಿಟ್ಟು ಬರೀ ದುಡ್ಡಿನ ಲೆಕ್ಕ ನೋಡೋಣ. ಲೀಸ್ ಸುಲಭ: 1.70 ಲಕ್ಷವನ್ನು 48 ತಿಂಗಳಿಗೆ ಗುಣಿಸಿದರೆ 81.6 ಲಕ್ಷ. ಕೊನೆಗೆ ಕಾರು ವಾಪಸ್, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕೊಳ್ಳುವುದಾದರೆ ಲೆಕ್ಕ ಸ್ವಲ್ಪ ಉದ್ದ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ಸು, ಸೇರಿ ಹತ್ತಿರ ಹತ್ತಿರ ಶೇ 20. ಅಂದರೆ 12 ಲಕ್ಷ ಅಲ್ಲೇ ಹೋಯಿತು. ಮೊದಲ ಇನ್ಶೂರೆನ್ಸು, ಅದು ಇದು ಅಂತ ಸೇರಿಸಿ ರಸ್ತೆಗಿಳಿಯುವಾಗ 75 ಲಕ್ಷ ಅಂತಿಟ್ಟುಕೊಳ್ಳಿ. (ಶೋರೂಮಿನವರು ಟಿಸಿಎಸ್ ಅಂತ, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ ಅಂತ, ಶೇ 1 ಜಾಸ್ತಿ ಹಿಡಿಯುತ್ತಾರೆ. ಅದು ನಿಮ್ಮದೇ ದುಡ್ಡು, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ತೆರಿಗೆ ಇಲ್ಲ ಅಂತ ರಿಟರ್ನ್ ಹಾಕದವರು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.) ನಾಲ್ಕು ವರ್ಷದ ಮೇಲೆ ಮಾರಿದರೆ 27 ಲಕ್ಷ ಸಿಕ್ಕಿತು ಅನ್ನೋಣ, ಹೋಗಿದ್ದು 48. 50 ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಕಂತು 1.24 ಲಕ್ಷದಷ್ಟು, ನಾಲ್ಕು ವರ್ಷದ ಬಡ್ಡಿ ಸುಮಾರು 9.7 ಲಕ್ಷ. ಉಳಿದ ಮೂರು ವರ್ಷದ ಇನ್ಶೂರೆನ್ಸು, ಸರ್ವೀಸಿಗೆ 8 ಲಕ್ಷ. ಕೈಯಿಂದ ಹಾಕಿದ 25 ಲಕ್ಷ ಎಫ್‌ಡಿಯಲ್ಲಿದ್ದರೆ ಶೇ 7ರ ಲೆಕ್ಕದಲ್ಲಿ ಇನ್ನೊಂದು 7.8 ಲಕ್ಷ ಬರುತ್ತಿತ್ತು, ಅದನ್ನೂ ಸೇರಿಸಿ. ಒಟ್ಟು 73.5 ಲಕ್ಷ.

ಎಂಟು ಲಕ್ಷ ಉಳಿತಾಯ. ಆದರೆ ಒಂದು ಮಾತು. ಮಾರುವಾಗ 27ರ ಬದಲು 19 ಲಕ್ಷವೇ ಸಿಕ್ಕರೆ ಎರಡೂ ಒಂದೇ ಆಯಿತು. ಈಗ ಎಲ್ಲರಿಗೂ ಎಸ್‌ಯುವಿಯೇ ಬೇಕು, ಹಳೆಯ ಸೆಡಾನ್ ಕೇಳುವವರು ಕಡಿಮೆ. ಲೀಸಿನಲ್ಲಿ ಆ ಭಯ ಕಂಪನಿಯದ್ದು, ಇದೊಂದು ಅದರ ನಿಜವಾದ ಲಾಭ. ನೀವು ಏಳೆಂಟು ವರ್ಷ ಇಟ್ಟುಕೊಳ್ಳುವವರಾದರಂತೂ ಕೊಳ್ಳುವುದೇ ಸರಿ, ಯೋಚನೆಯೇ ಬೇಡ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ನಿಮಗೆ ದುಡ್ಡು ಬರುವುದು ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ, ಲೀಸ್ ಬಾಡಿಗೆ ಕೇಳುವುದು ಪ್ರತಿ ತಿಂಗಳು. ಒಂದು ವರ್ಷ ಕೊಳೆರೋಗ ಜೋರಾಯಿತು, ಇನ್ನೊಂದು ವರ್ಷ ಎಲೆಚುಕ್ಕೆ ರೋಗ ತೋಟ ಹೊಕ್ಕಿತು ಅಂದುಕೊಳ್ಳಿ. ಲೀಸ್ ಮಧ್ಯದಲ್ಲಿ ಬಿಡಲು ಹೋದರೆ ಉಳಿದ ಬಾಡಿಗೆಯ ಒಂದು ಭಾಗವನ್ನು ದಂಡವಾಗಿ ಕೇಳುತ್ತಾರೆ. ಸಾಲವಾದರೆ ಕಾರು ಮಾರಿ ತೀರಿಸಬಹುದು, ಒಳ್ಳೆಯ ರೇಟು ಬಂದ ವರ್ಷ ಒಂದಷ್ಟು ಮುಂಚೆಯೇ ಕಟ್ಟಬಹುದು. ರೈತರಿಗೆ ಆರು ತಿಂಗಳಿಗೊಂದು ಕಂತು ಮಾಡಿಕೊಡುತ್ತೀರಾ ಅಂತ ಬ್ಯಾಂಕಿನಲ್ಲಿ ಕೇಳಿ. ಮುಂಚೆ ಕಟ್ಟಿದರೆ ಶುಲ್ಕ ಎಷ್ಟು ಅಂತಲೂ ಕೇಳಿ.

ಇನ್ನು ವಾಪಸ್ ಕೊಡುವ ದಿನ. ಲೀಸ್ ಕಾರನ್ನು ಒಬ್ಬ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ನೋಡುತ್ತಾನೆ. ಸಹಜ ಸವೆತ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಿಲ್ಲು. ನಮ್ಮ ಕಡೆ ತೋಟದ ದಾರಿಯಲ್ಲಿ ಲಂಟಾನ ಎರಡೂ ಬಾಗಿಲು ಗೀರಿರುತ್ತದೆ, ಜಂಬಿಟ್ಟಿಗೆ ಕಲ್ಲು ಅಡಿಭಾಗ ತಾಗಿರುತ್ತದೆ. ಆಷಾಢದಲ್ಲಿ ಎರಡು ವಾರ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಲೆದರ್ ಸೀಟಿನ ಹೊಲಿಗೆ ಗುಂಟ ಬೂದುಬಣ್ಣದ ಬೂಸ್ಟು, ಸ್ಟೇರಿಂಗ್ ಮೇಲೂ ಅದೇ. ಇಲಿ ವೈರ್ ಕಡಿದಿದ್ದರೆ ಅದು ಬೇರೆ. ಸ್ವಂತದ್ದಾದರೆ ಒರೆಸಿ ಓಡಿಸುತ್ತೀರಿ, ಲೀಸಿನದ್ದಾದರೆ ಪ್ರತಿಯೊಂದಕ್ಕೂ ರೇಟು.

ಈಗ ಕಾರು. ಆಡಿ ಎ4 ಸುಖವಾದ ಕಾರು, 204 ಅಶ್ವಶಕ್ತಿ, ಮುಂದಿನ ಚಕ್ರದ ಎಳೆತ. ಸ್ಪೋರ್ಟ್ಸ್ ಅಂತ ಆಸೆಪಟ್ಟವರಿಗೆ ಅದರಲ್ಲಿ ಮಜಾ ಇಲ್ಲ, ಬಿಡಿ. ಸಿ 220ಡಿ ಡೀಸೆಲ್‌ಗೆ 440 ನ್ಯೂಟನ್ ಮೀಟರ್ ಟಾರ್ಕ್, ಬೆಂಗಳೂರಿಗೆ ಓಡಾಡುವವರಿಗೆ ನನ್ನ ಮೊದಲ ಆಯ್ಕೆ ಅದೇ, ಘಾಟಿ ಏರುವಾಗ ಆಕ್ಸಿಲರೇಟರ್ ತುಳಿಯುವ ಕೆಲಸವೇ ಕಡಿಮೆ. ಬಿಎಂಡಬ್ಲ್ಯು 330ಎಲ್‌ಐ 258 ಅಶ್ವಶಕ್ತಿಯದ್ದು, ಹಿಂದೆ ಕೂರುವ ಅಪ್ಪ ಅಮ್ಮನಿಗೆ ಜಾಗ ಧಾರಾಳ. ಆದರೆ ಮಾಮೂಲಿ 3 ಸೀರೀಸ್‌ಗಿಂತ ಎರಡು ಚಕ್ರಗಳ ನಡುವೆ 110 ಮಿ.ಮೀ. ಉದ್ದ, ಹೊಟ್ಟೆ ಬಗ್ಗಿದ ಕಾರು. ನಿಮ್ಮ ಮನೆ ತಿರುವಿನ ಮೋರಿಯ ಮೇಲೆ ಕೂತುಬಿಡುತ್ತದೋ ಏನೋ. ಟೆಸ್ಟ್ ಡ್ರೈವನ್ನು ಹೈವೇಯಲ್ಲಿ ಮಾಡಿಸಬೇಡಿ, ಕಾರನ್ನು ನಿಮ್ಮ ಅಂಗಳದವರೆಗೆ ತರಿಸಿ.

ಬಿಎಂಡಬ್ಲ್ಯುವಿನದೇ ಎಂ340ಐ ನೀವು ಹೇಳಿದ 60 ಲಕ್ಷ ದಾಟುತ್ತದೆ. ಆದರೂ ಹೇಳುತ್ತೇನೆ, ನಿಜವಾದ ಸ್ಪೋರ್ಟ್ಸ್ ಸೆಡಾನ್ ಅಂದರೆ ಇದು. ಆರು ಸಿಲಿಂಡರ್, 374 ಅಶ್ವಶಕ್ತಿ, 4.4 ಸೆಕೆಂಡಿಗೆ ನೂರು ಕಿ.ಮೀ. ವೇಗ. ನಾಲ್ಕೂ ಚಕ್ರಕ್ಕೆ ಎಳೆತ ಇರುವುದರಿಂದ ಆಗುಂಬೆಯ ಹಿಮ್ಮುರಿ ತಿರುವಿನಲ್ಲಿ, ಪಾಚಿಗಟ್ಟಿದ ರಸ್ತೆಯಲ್ಲಿ, ಹಿಂದಿನ ಚಕ್ರ ಜಾರುವ ಗಾಬರಿ ಕಡಿಮೆ. ಬ್ರೇಕ್ ಹಾಕುವಾಗ ಮಾತ್ರ ಅದೂ ಎಲ್ಲ ಕಾರಿನ ಹಾಗೆಯೇ, ಟೈರು ಚೆನ್ನಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾವುದನ್ನೇ ಕೊಳ್ಳಿ, ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಷನ್ ಮತ್ತು ಟೈರ್ ಕವರ್ ಸೇರಿಸಿ. ಹಳ್ಳದ ನೀರು ಎಂಜಿನ್ ಒಳಗೆ ಹೋದರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸ್ವಂತ ಕ್ಲಿನಿಕ್ ನಡೆಸುವ ವೈದ್ಯೆ, ಶೇ 30ರ ತೆರಿಗೆ ಸ್ಲ್ಯಾಬಿನಲ್ಲಿದ್ದೇನೆ. ಇಂಥದ್ದೇ ಕಾರು. ನನಗೂ ಲೀಸ್ ಬೇಡವೇ?

ಉತ್ತರ: ನಿಮ್ಮ ಲೆಕ್ಕ ಬೇರೆ. ಮೇಲಿನ ಅಂಕಿಗಳನ್ನೇ ತೆಗೆದುಕೊಂಡು, ಕಾರು ಪೂರ್ತಿ ಕ್ಲಿನಿಕ್ ಕೆಲಸಕ್ಕೇ ಅಂತ ಹಿಡಿದರೆ, 81.6 ಲಕ್ಷ ಬಾಡಿಗೆಯೂ ಖರ್ಚಾಗಿ, ಸೆಸ್ ಸೇರಿ 25 ಲಕ್ಷದಷ್ಟು ತೆರಿಗೆ ಉಳಿದು, ಕೊನೆಗೆ ಬೀಳುವುದು 56 ಲಕ್ಷ. ಕೊಂಡರೆ ಡಿಪ್ರಿಸಿಯೇಷನ್ (ಕಾರಿನ ಬೆಲೆ ಸವೆದದ್ದನ್ನು ಖರ್ಚು ಅಂತ ತೋರಿಸುವುದು) ವರ್ಷಕ್ಕೆ ಶೇ 15ರಂತೆ, ಇಳಿಯುತ್ತಾ ಬರುವ ಮೌಲ್ಯದ ಮೇಲೆ. ನಾಲ್ಕು ವರ್ಷಕ್ಕೆ ಸುಮಾರು 36 ಲಕ್ಷ. ಬಡ್ಡಿ, ಇನ್ಶೂರೆನ್ಸ್, ಸರ್ವೀಸ್ ಸೇರಿಸಿದರೆ ತೆರಿಗೆ ಉಳಿತಾಯ 17 ಲಕ್ಷದ ಹತ್ತಿರ, ನಿವ್ವಳ ಖರ್ಚು 57 ಲಕ್ಷ. ಎರಡೂ ಸರಿಸಮ ಅಂತಲೇ ಹೇಳಬೇಕು. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಾದರೆ ಲೀಸ್ ತಗೊಳ್ಳಿ, ಮಾರುವ ತಲೆನೋವು ಇಲ್ಲ. ಇಲ್ಲದಿದ್ದರೆ ಕೊಳ್ಳಿ.

ವಾರಾಂತ್ಯದಲ್ಲಿ ಸಿಗಂದೂರಿಗೆ, ಮದುವೆ ಮನೆಗೆ ಓಡಿದ ಪಾಲನ್ನು ಅಧಿಕಾರಿ ಖರ್ಚಿನಿಂದ ಕಿತ್ತುಹಾಕಬಹುದು, ಅದು ಎರಡಕ್ಕೂ ಅನ್ವಯ. ಜಿಎಸ್‌ಟಿ ವಾಪಸ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಶೇ 40, ಲೀಸ್ ಬಾಡಿಗೆಗೂ ಅದೇ ದರ. ಸ್ವಂತ ಬಳಕೆಯ ಕಾರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕಟ್ಟಿದ ಜಿಎಸ್‌ಟಿಯ ವಾಪಸ್ಸು, ಕೊಂಡರೂ ಇಲ್ಲ, ಬಾಡಿಗೆಗೂ ಇಲ್ಲ. ಕೊಳ್ಳುವುದಾದರೆ ಅಕ್ಟೋಬರ್ ಶುರುವಾಗುವುದರೊಳಗೆ ಕೊಂಡು ಓಡಿಸಲು ಶುರುಮಾಡಿ. ಆ ಹಣಕಾಸು ವರ್ಷದಲ್ಲಿ 180 ದಿನ ಬಳಸದಿದ್ದರೆ ಮೊದಲ ವರ್ಷದ ಡಿಪ್ರಿಸಿಯೇಷನ್ ಅರ್ಧವೇ ಸಿಗುವುದು.